ಪ್ರಿನ್ಸಿಪಾಲರ ಬೆನ್ನಿನ ಮೇಲೆ

ಒದ್ದೆ ಕಂಬಳಿಯ ವಾಸನೆಯಲ್ಲ, ಕಂಬಳಿಗೆ ಸೋಪು ಹಾಕಿದರೂ ಇದು ಬರುವುದಿಲ್ಲ, ಒಣಗುತ್ತಿರುವ ನಾಯಿಯ ವಾಸನೆಗೆ ಅದರದೇ ಒಂದು ಗತ್ತು, ಡ್ರೈಯರಿನ ಬಿಸಿಗಾಳಿಗೆ ಬಿಳಿ ಗುಂಗುರು ಕೂದಲು ಸುರುಳಿ ಬಿಚ್ಚಿಕೊಂಡು ಅರಳುತ್ತಿದೆ, ಪ್ರಿನ್ಸಿಪಾಲರು ಮೇಜಿನ ಮೇಲೆ ನಿಂತು ಕಣ್ಣು ಅರೆಮುಚ್ಚಿ ಸಹಿಸಿಕೊಂಡಿದ್ದಾರೆ — ಪ್ರಿನ್ಸಿಪಾಲ್ ಎಂಬುದು ನಾಯಿಯ ಹೆಸರೇ, ಇಟ್ಟವರು ಅದರ ಒಡತಿ, ನಿವೃತ್ತ ಡ್ರಾಯಿಂಗ್ ಟೀಚರು, ಬೆಳಿಗ್ಗೆ ಬಿಟ್ಟುಹೋಗುವಾಗ ತಾವಾಗಿಯೇ ಹೇಳಿದ್ದರು, ಸರ್ವೀಸ್ ಪೂರ್ತಿ ಸ್ಕೂಲಿನ ಪ್ರಿನ್ಸಿಪಾಲರು ಕೂತ್ಕೊಳ್ಳಿ ಅಂದಾಗ ನಾನು ಕೂತೆ, ಈಗ ನಾನು ಕೂತ್ಕೋ ಅಂದ್ರೆ ಪ್ರಿನ್ಸಿಪಾಲ್ ಕೂರ್ತಾನೆ, ಅಷ್ಟು ಸಾಕು ಕಣಮ್ಮ ನಂಗೆ — ಅದಕ್ಕೆ, ಇಲ್ಲಿ ಕೆಲಸ ಕಲಿಯಲು ಬಂದಿರುವ ಅವಳು ಬರೀ ನಕ್ಕಿದ್ದಳು, ಮನುಷ್ಯರ ಮಾತಿಗೆ ತಕ್ಕ ಉತ್ತರ ಅವಳಿಗೆ ಹೊಳೆಯುವುದು ಅವರು ಬೀದಿಯ ತಿರುವು ದಾಟಿದ ಮೇಲೆ, ನಾಯಿಗಳಿಗೆ ಆ ತೊಂದರೆಯಿಲ್ಲ, ಅವು ಉತ್ತರ ಕೇಳುವುದಿಲ್ಲ, ಮೂಸಿ ನೋಡಿ ತಾವೇ ತೀರ್ಮಾನಕ್ಕೆ ಬಂದುಬಿಡುತ್ತವೆ. ಡ್ರೈಯರ್ ಸಾಕು ಎನ್ನುತ್ತಾರೆ ಅಕ್ಕ, ಅಕ್ಕ ಅಂದರೆ ಈ ನಾಯಿ ಪಾರ್ಲರಿನ ಯಜಮಾನಿ, ತಮಗಿಂತ ಹಿರಿಯ ಗಿರಾಕಿಗಳಿಗೂ ಅಕ್ಕನೇ, ಮಾತು ಕಡಿಮೆ, ಆಡಿದರೆ ಅಳತೆ ಹಿಡಿದು ಕತ್ತರಿಸಿದಂತೆ, ಒಂದು ಕೈ ಸದಾ ನಾಯಿ ಮೇಲಿರ್ಲಿ, ಬಾಲದ ಕಡೆಯಿಂದ ಶುರು ಮಾಡು, ಮುಖ ಕೊನೆಗೆ, ಇವತ್ತು ಕೂದ್ಲು ಕತ್ತರ್ಸೋ ಮೆಷಿನ್ ನಿನ್ನ ಕೈಗೆ ಕೊಡ್ತೀನಿ, ಕೈ ಕೂತ್ರೆ ಇರು, ಕೂರ್ಲಿಲ್ಲಾಂದ್ರೆ ಬೇಜಾರಿಲ್ಲದೆ ಹೋಗು — ಹೋಗುವುದೆಂದರೆ ಎಲ್ಲಿಗೆ, ಸೋಮವಾರ ಮತ್ತೆ ಹಳೇ ಆಫೀಸಿನ ಆ ಕುರ್ಚಿಗೆ, ನಿನ್ನ ರಾಜೀನಾಮೆ ನನ್ನ ಡ್ರಾಯರಲ್ಲೇ ಮಲಗಿರುತ್ತೆ ನೋಡು, ಸೋಮವಾರ ಬಂದು ಕೂತ್ಕೊಂಡ್ರೆ ನಾನೂ ಮರೀತೀನಿ ಎಂದಿದ್ದರು ಆಫೀಸಿನ ಸೂಪರ್‌ವೈಸರು, ಒಳ್ಳೆಯವರೇ, ಆ ಒಳ್ಳೆಯತನಕ್ಕೇ ಅವಳಿಗೆ ಭಯ.

ಆ ಕುರ್ಚಿಯಲ್ಲಿ ಅವಳು ಮಾಡುತ್ತಿದ್ದದ್ದು ಬೈಸಿಕೊಳ್ಳುವ ಕೆಲಸ, ಫ್ರಿಜ್ಜಿನ ಐಸು ಕರಗಿಹೋದವರು, ವಾಷಿಂಗ್ ಮೆಷಿನ್ ಅಡುಗೆಮನೆ ತುಂಬ ನೀರು ಕಾರಿದವರು ಫೋನು ಮಾಡಿ ಕೂಗುತ್ತಾರೆ, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಸಂಬಂಧಪಟ್ಟ ವಿಭಾಗ ಪರಿಶೀಲಿಸುತ್ತದೆ, ಆ ವಿಭಾಗ ಯಾವ ಮಹಡಿಯಲ್ಲಿದೆಯೋ ಅವಳಿಗೂ ಗೊತ್ತಿರಲಿಲ್ಲ, ಕಂಪನಿಯ ಒಂದೇ ಒಂದು ಮೆಷಿನ್ನನ್ನೂ ಕಣ್ಣಾರೆ ಕಂಡವಳಲ್ಲ, ಕೊನೆಗೆ ಅವರ ಬಟ್ಟೆ ಒಗೆದಾಯಿತೋ ಇಲ್ಲವೋ ದೇವರಿಗೇ ಗೊತ್ತು — ಈ ಪಾರ್ಲರಿನಲ್ಲಾದರೆ ಕೊಳಕಾಗಿ ಒಳಗೆ ಬಂದದ್ದು ಫಳಫಳ ಹೊರಗೆ ಹೋಗುತ್ತದೆ, ಬಾಗಿಲಲ್ಲಿ ನಿಂತು ನೋಡಬಹುದು. ಅಮ್ಮನಿಗೆ ಇದನ್ನು ಹೇಳಿದರೆ, ನಾಯಿಗೆ ಸ್ನಾನ ಮಾಡ್ಸೋಕೆ ಡಿಗ್ರಿ ಬೇಕಿತ್ತೇನೇ, ಅಣ್ಣ ತಟ್ಟೆಯಿಂದ ತಲೆಯೆತ್ತದೆ, ಬಿಡಮ್ಮ, ಒಂದು ಸಲ ಕಚ್ಚಿಸ್ಕೊಂಡ್ರೆ ತಾನೇ ದಾರಿಗೆ ಬರ್ತಾಳೆ, ಅದೇ ಅಮ್ಮ ಚಿಕ್ಕಮ್ಮನ ಹತ್ತಿರ ಫೋನಿನಲ್ಲಿ, ಅವಳಾ, ಈಗ ಬ್ಯೂಟಿ ಪಾರ್ಲರ್ ಲೈನಲ್ಲಿದಾಳೆ ಕಣೇ, ದೊಡ್ಡ ದೊಡ್ಡ ಮನೆಯವ್ರೇ ಬರೋದಂತೆ, ಹೂಂ, ಎಲ್ಲರ್ದೂ ಗುಂಗುರು ಕೂದ್ಲು. ಮೆಷಿನ್ ಕೈಯಲ್ಲಿ ಗುಂಯ್ ಎನ್ನುತ್ತಿದೆ, ಅದರ ಬಾಯಿಗೆ ಬಾಚಣಿಗೆಯಂಥ ಹಲ್ಲಿನ ಪಟ್ಟಿ ಸಿಕ್ಕಿಸಿದೆ, ಅದು ಇರುವತನಕ ಕೂದಲು ಒಂದು ಬೆರಳಗಲದಷ್ಟು ಉಳಿಯುತ್ತದೆ, ಬುಡದ ಗುಂಡಿ ಒತ್ತಿದರೆ ಪಟ್ಟಿ ಕಳಚುತ್ತದೆ, ಒತ್ತಬೇಡ ಎಂದು ಅಕ್ಕ ಹೇಳಲಿಲ್ಲ, ಯಾರು ತಾನೇ ಒತ್ತುತ್ತಾರೆ, ಸೊಂಟದಿಂದ ಕತ್ತಿನ ಕಡೆಗೆ ಮೊದಲ ಸಾಲು, ಎಷ್ಟು ಸಲೀಸು, ಎರಡನೆಯದು, ಆಹಾ, ನೋಡು ಅಣ್ಣ, ಯಾರೂ ಕಚ್ಚುತ್ತಿಲ್ಲ — ಹೊರಗೆ ಯಾವುದೋ ಬೈಕು ಢಬ್ ಎಂದಿತು, ಪ್ರಿನ್ಸಿಪಾಲರು ಬಾಯಿ ತೆರೆದರು, ಅದು ಬೊಗಳಲ್ಲ, ಇಡೀ ಶಾಲೆಯನ್ನು ಬಿಸಿಲಲ್ಲಿ ನಿಲ್ಲಿಸಿ ಬೈದ ಹಾಗೆ, ಮತ್ತು ಅವಳ ಹೆಬ್ಬೆರಳು ತನ್ನ ಪಾಡಿಗೆ ತಾನು ಒತ್ತಿತು. ಆಫೀಸಿನಲ್ಲಿ ಫೋನಿನವರು ಯಾರಾದರೂ ಕೂಗಿದರೆ ಒತ್ತಬೇಕು, ಹೆಡ್‌ಫೋನಿನ ವೈರಿಗೆ ಜೋತ ಪುಟ್ಟ ಡಬ್ಬಿ, ಅದರ ಗುಂಡಿ, ಒತ್ತಿದರೆ ಆ ಕಡೆಯವರಿಗೆ ಪಿಟೀಲು ಸಂಗೀತ, ಈ ಕಡೆ ಅವಳಿಗೆ ಒಂದು ಗುಟುಕು ನೀರು, ಹೆಬ್ಬೆರಳಿಗೆ ಎಷ್ಟು ರೂಢಿಯೆಂದರೆ ಮನೆಯಲ್ಲಿ ಅಮ್ಮ ರೇಗಿದಾಗಲೂ ಅದು ಚಮಚದ ಹಿಡಿಯನ್ನು ಒತ್ತುತ್ತದೆ, ಅಮ್ಮ ನಿಲ್ಲುವುದಿಲ್ಲ ಅಷ್ಟೇ — ಟಪ್ ಎಂದು ಹಲ್ಲಿನ ಪಟ್ಟಿ ನೆಲಕ್ಕೆ, ಪಿಟೀಲು ಬಾರದೆ ಪ್ರಿನ್ಸಿಪಾಲರು ಮುಂದಕ್ಕೆ ನುಗ್ಗಿದರು, ಮೆಷಿನ್ ನಿಂತಲ್ಲೇ ಇತ್ತು, ಬೆನ್ನೇ ಅದರಡಿ ಸರಿದುಹೋಯಿತು, ಮತ್ತು ಅಲ್ಲಿ, ಬಿಳಿ ಗುಂಗುರಿನ ನಟ್ಟನಡುವೆ, ಗುಲಾಬಿ.

ನಾಯಿಯ ಚರ್ಮ ಇಷ್ಟು ಗುಲಾಬಿ ಇರುತ್ತದೆಂದು ಯಾರಿಗೆ ಗೊತ್ತಿತ್ತು, ಆಗತಾನೆ ಹುಟ್ಟಿದ ಮಗುವಿನ ಅಂಗಾಲಿನ ಗುಲಾಬಿ, ಉದ್ದಕ್ಕೆ ಅಂಗೈ ಅಗಲ ಒಂದು ರಸ್ತೆ, ಇದರ ಮೇಲೆ ಸೈಕಲ್ಲು ಬಿಡಬಹುದು, ಉದುರಿದ ಕೂದಲನ್ನು ಎತ್ತಿ ಮೇಲಿಟ್ಟು ನೋಡಿದಳು, ನಿಂತಿತು, ಪ್ರಿನ್ಸಿಪಾಲರು ಮೈ ಕೊಡವಿದರು, ಹೋಯಿತು, ಮತ್ತೆ ಗುಲಾಬಿ — ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಅಯ್ಯೋ, ನಾಯಿಯ ಕಿವಿಯಲ್ಲಿ ಅದನ್ನೇ ಹೇಳಿಬಿಟ್ಟಳು, ನಿಮ್ಮ ತಾಳ್ಮೆಗೆ ಧನ್ಯವಾದ, ನಾಯಿ ಅವಳ ಮೂಗು ನೆಕ್ಕಿತು, ಅಲ್ಲಿಗೆ ಒಬ್ಬರಾದರೂ ದೂರು ವಾಪಸ್ ತೆಗೆದುಕೊಂಡಂತಾಯಿತು. ಅಕ್ಕ ಬಂದು ನಿಂತಿದ್ದಾರೆ, ನೋಡುತ್ತಿದ್ದಾರೆ, ಬೈದರೆ ಸಾಕಿತ್ತು, ಬೈಸಿಕೊಳ್ಳುವುದು ಅವಳಿಗೆ ಬರುತ್ತದೆ, ಅಕ್ಕ ಬೈಯುವುದಿಲ್ಲ, ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿ ಎಂದು ಟೀಚರು ಒಳಗೆ ಬಂದರು, ಆಯ್ತೇನಮ್ಮ ನಮ್ಮ ರಾಜಕುಮಾರಂದು ಎಂದವರು ಮೇಜಿನ ಹತ್ತಿರ ಬಂದು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಯಾರ್ರೀ ಮಾಡಿದ್ದು ಇದನ್ನ. ಹಳೆಯ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿದೆ, ನಿಮ್ಮ ದೂರು ದಾಖಲಾಗಿದೆ, ಸಂಬಂಧಪಟ್ಟ ವಿಭಾಗ — ಯಾವ ವಿಭಾಗ, ಈ ಕೋಣೆಯಲ್ಲಿ ಇರುವುದು ಒಂದು ಮೇಜು, ಒಂದು ತೊಟ್ಟಿ, ಒಬ್ಬರು ಅಕ್ಕ, ಅಕ್ಕನ ಮೇಲೆ ಹಾಕುವುದೇ, ಬೈಕಿನವನ ಮೇಲೆ ಹಾಕಬಹುದು, ಬೈಕಿನವನು ಸಿಗುವುದಿಲ್ಲ, ಬಹಳ ಅನುಕೂಲ, ಹೆಬ್ಬೆರಳು ಒತ್ತುತ್ತಿದೆ, ಸಂಗೀತ ಬರುತ್ತಿಲ್ಲ, ಟೀಚರು ಕಾಯುತ್ತಿದ್ದಾರೆ — ನಾನೇ ಟೀಚರ್, ನನ್ನ ಕೈಯಿಂದ್ಲೇ ಆಗಿದ್ದು, ಎಷ್ಟು ಸಣ್ಣ ದನಿ, ಆದರೆ ಬಂತು, ತಿರುವು ದಾಟಿದ ಮೇಲಲ್ಲ, ಎದುರಿಗೇ. ಟೀಚರು ನಗಲಿಲ್ಲ, ನಗುತ್ತಾರೆಂದು ಯಾಕೆ ಅಂದುಕೊಂಡಳೋ, ಇವನಿಗೆ ಚಳಿ ಆಗಲ್ವೇನೇ, ಬೀದೀಲಿ ಹೋಗೋವಾಗ ಮಿಕ್ಕ ನಾಯಿಗಳು ಏನಂದ್ಕೋಬೇಕು, ಅಂತ ಎರಡು ಮಾತು ಖಾರವಾಗಿಯೇ ಅಂದು ಸ್ಟೂಲು ಎಳೆದು ಕೂತರು, ಅರ್ಧಂಬರ್ಧ ಕರ್ಕೊಂಡು ಹೋಗಲ್ಲ ನಾನು, ಪೂರ್ತಿ ಒಂದೇ ಸಮ ಮಾಡಿಕೊಡಿ, ಅಲ್ಲೀವರ್ಗೂ ಏಳಲ್ಲ. ಅವಳು ಮೆಷಿನ್ನನ್ನು ಅಕ್ಕನತ್ತ ಚಾಚಿದಳು, ಅಕ್ಕ ಕೈ ಒರೆಸಿಕೊಂಡರು, ತೆಗೆದುಕೊಳ್ಳಲಿಲ್ಲ, ನೀನೇ ಕೆಡ್ಸಿದ್ದು, ನೀನೇ ಸರಿ ಮಾಡು, ಆ ಹಲ್ಲಿನ ಪಟ್ಟಿ ಇನ್ನು ಬೇಡ, ಗುಂಡಿ ಎಷ್ಟು ಬೇಕಾದ್ರೂ ಒತ್ಕೋ — ಆಮೇಲೆ ತೊಟ್ಟಿಯ ಕಡೆ ಹೋಗುತ್ತ, ತಿರುಗದೆ, ಸೋಮವಾರ ಬರೋವಾಗ ನಿಂದೇ ಒಂದು ಏಪ್ರನ್ ತಗೊಂಬಾ, ನೀನು ಹಾಕ್ಕೊಂಡಿರೋದು ನಂದು.

ಸೋಮವಾರ, ಡ್ರಾಯರಿನ ರಾಜೀನಾಮೆ, ಅಮ್ಮನಿಗೆ ಹೇಗೆ ಹೇಳುವುದು, ಚಿಕ್ಕಮ್ಮನಿಗೆ ಅಮ್ಮ ಹೇಗೆ ಹೇಳುವುದು, ಏಪ್ರನ್ ಎಲ್ಲಿ ಸಿಗುತ್ತದೆ, ಯಾವ ಬಣ್ಣ — ಎಡಗೈ ನಾಯಿಯ ಪಕ್ಕೆಯ ಮೇಲೆ, ಬೆಚ್ಚಗೆ, ಒಳಗೊಂದು ಉಸಿರು ಏರಿ ಇಳಿಯುತ್ತಿದೆ, ಮೆಷಿನ್ ಗುಂಯ್, ಬಾಲದ ಕಡೆಯಿಂದ, ನಿಧಾನ, ಯಾವ ಬಣ್ಣ ಎಂದು ಏನೋ ಯೋಚಿಸುತ್ತಿದ್ದಳಲ್ಲ, ಏನದು, ಬಿಳಿ ಸುರುಳಿ ಮಗುಚಿ ಬೀಳುತ್ತದೆ, ಗುಲಾಬಿ, ಅದರ ಪಕ್ಕ ಬಿಳಿ, ಗುಲಾಬಿ, ಅದರ ಪಕ್ಕ, ಗುಲಾಬಿ