ಕುಲ್ಸುಮ್‌ಳ ಎರಡು ವಯಸ್ಸು

ಶಿರಾದ ಹುಸೇನ್ ಸಾಬರ ಮಗಳು ಕುಲ್ಸುಮ್ ಉರ್ದು ಶಾಲೆಯ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದು ೧೯೫೮ರಲ್ಲಿ. ಇಪ್ಪತ್ತೈದು ತುಂಬಿದವರಿಗೆ ಆ ಕೆಲಸ ಇರಲಿಲ್ಲ. ಮಧುಗಿರಿಯ ಕಚೇರಿಯಲ್ಲಿ ಸಾಹೇಬರು ವಯಸ್ಸು ಕೇಳಿದಾಗ ಜೊತೆಗೆ ಹೋಗಿದ್ದ ಅಪ್ಪ, "ಹೋದ ರಜಬ್ ತಿಂಗಳಿಗೆ ಇಪ್ಪತ್ತೈದು ತುಂಬ್ತು ಸ್ವಾಮಿ" ಎಂದುಬಿಟ್ಟರು. ಸಾಹೇಬರು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು.

ಇಬ್ಬರೂ ವಾಪಸು ಬಸ್ಸು ಹತ್ತಿದರು. ಒಂದು ಸುಳ್ಳು ಹೇಳಬಾರದಿತ್ತೇ ಎಂಬ ಮಾತು ಕುಲ್ಸುಮ್‌ಳ ನಾಲಗೆಯ ತುದಿಗೆ ಬಂತು, ನುಂಗಿಕೊಂಡಳು. ತಾಯಿಯಿಲ್ಲದ ಅವಳ ಹುಟ್ಟಿದ ದಿನವನ್ನು ನೆನಪಿಟ್ಟುಕೊಂಡು ಬಂದವರು ಅಪ್ಪ ಒಬ್ಬರೇ.

ಸುದ್ದಿ ಕೇಳಿ ಪಕ್ಕದ ಮನೆಯ ದಾಕ್ಷಾಯಣಮ್ಮ ಅಕ್ಕಿಯ ಮೊರ ಕೆಳಗಿಟ್ಟರು.

"ಅದೆಂಗಾಯ್ತದೆ? ನೀನೂ ನಮ್ ಸರ್ವಮಂಗಳಾನೂ ಒಂದೇ ದಿನ ಹುಟ್ಟಿದ್ದು ಕಣಮ್ಮ, ದೀಪ ಹಚ್ಚಿದ್ಮೇಲೆ. ಒಬ್ಳೇ ಸೂಲಗಿತ್ತಿ ಎರಡು ಮನೆಗೂ ಓಡಾಡಿದ್ಲು. ಅವಳಿಗೆ ಇಪ್ಪತ್ತೈದು ತುಂಬೋದು ಬರೋ ಕಾರ್ತೀಕಕ್ಕೆ!"

ಕುಲ್ಸುಮ್ ತಬ್ಬಿಬ್ಬಾದಳು. ಆಮೇಲೆ ಹೊಳೆಯಿತು. ಅವಳು ರಂಜಾನಿನ ಉಪವಾಸ, ಮೊದಲ ರೋಜಾ, ಹಿಡಿದದ್ದು ಮಳೆಗಾಲದಲ್ಲಿ; ಈ ಸಲದ ರಂಜಾನ್ ಯುಗಾದಿಯ ಬಿಸಿಲಿಗೆ ಬಂದಿತ್ತು. ಅಪ್ಪ ಎಣಿಸಿದ್ದು ಚಂದ್ರನ ವರ್ಷಗಳನ್ನು. ಸೂರ್ಯನ ವರ್ಷಕ್ಕಿಂತ ಒಂದೊಂದೂ ಹನ್ನೊಂದು ದಿನ ಗಿಡ್ಡ; ಇಪ್ಪತ್ತೈದು ವರ್ಷಕ್ಕೆ ಒಂಬತ್ತು ತಿಂಗಳು. ದಾಕ್ಷಾಯಣಮ್ಮನವರೂ ಚಂದ್ರನನ್ನೇ ನೋಡಿದರೂ ಆಗಾಗ ಅಧಿಕಮಾಸ ಸೇರಿಸಿ ಸೂರ್ಯನ ಜೊತೆ ಹೆಜ್ಜೆ ಹಾಕುತ್ತಿದ್ದರು.

ದಾಕ್ಷಾಯಣಮ್ಮನವರನ್ನೂ ಕರೆದುಕೊಂಡು ಅಪ್ಪ ಮಗಳು ಮತ್ತೆ ಮಧುಗಿರಿಗೆ ಹೋದರು. ಈ ಸಲ ಕುಲ್ಸುಮ್‌ಳೇ ಮಾತಾಡಿದಳು. "ಸರ್ಕಾರ ಯಾವ ಲೆಕ್ಕ ಹಿಡಿಯುತ್ತೆ ಸಾರ್?"

"ಇಂಗ್ಲಿಷ್ ಲೆಕ್ಕ."

"ಹಾಗಿದ್ರೆ ನನಗಿನ್ನೂ ಇಪ್ಪತ್ನಾಲ್ಕು."

ಸಾಹೇಬರು ಹಳೆಯ ಪಂಚಾಂಗ ತರಿಸಿದರು. ೧೯೩೩ರ ನವೆಂಬರ್ ಸಿಕ್ಕಿತು. ದೀಪ ಹಚ್ಚಿದ ಮೇಲೆ ಹುಟ್ಟಿದವಳ ತಾರೀಖು ಹದಿನಾಲ್ಕೋ ಹದಿನೈದೋ ಎಂದು ಪೆನ್ನು ನಿಂತಿತು. ಹುಸೇನ್ ಸಾಬರಿಗೆ ಹೊತ್ತು ಮುಳುಗಿದರೆ ಹೊಸ ದಿನ, ದಾಕ್ಷಾಯಣಮ್ಮನವರಿಗೆ ಹೊತ್ತು ಹುಟ್ಟಿದರೆ. ಸರ್ಕಾರಕ್ಕೆ ನಡುರಾತ್ರಿ. ಸಾಹೇಬರು ನಕ್ಕು ಹದಿನಾಲ್ಕು ಎಂದು ಬರೆದುಕೊಂಡರು.

ಹೊರಗೆ ಬಂದಾಗ ಅಪ್ಪನ ಮುಖ ಬಾಡಿತ್ತು. "ಇಷ್ಟು ವರ್ಷ ತಪ್ಪು ಎಣಿಸಿದೆನೇನಮ್ಮಾ?"

ಕುಲ್ಸುಮ್ ಗೆದ್ದ ಖುಷಿಯನ್ನು ಬದಿಗಿಟ್ಟಳು. ಅವರ ಕೈ ಹಿಡಿದುಕೊಂಡಳು. "ಇಲ್ಲ ಅಬ್ಬಾ. ಕಚೇರಿಯವರ ಕುಲ್ಸುಮ್ ನವೆಂಬರಿನವಳು. ನಿಮ್ಮ ಮಗಳು ರಜಬ್‌ನವಳೇ."

"ಅವಳೇ ನನಗೆ ಸಾಕು" ಎಂದರು ಹುಸೇನ್ ಸಾಬರು, ಕಣ್ಣೊರೆಸಿಕೊಳ್ಳುತ್ತ.

ತಿಂಗಳೊಳಗೆ ಪಾವಗಡದ ಶಾಲೆಗೆ ಆರ್ಡರ್ ಬಂತು. ಟ್ರಂಕನ್ನು ಬಸ್ಸಿನ ಮೇಲೇರಿಸಿ ಅಪ್ಪ, ಕಂಡಕ್ಟರ್ ಕೇಳದಿದ್ದರೂ, ಅವನಿಗೆ ಹೇಳಿದರು: "ಟೀಚರಮ್ಮ ಕಣಪ್ಪಾ, ಜೋಪಾನ."