ನೆರಿಗೆ

"ಕೂಕಂಡ್ ಮಾಡು ಕೆಲ್ಸ ಬೇಕಾ ನಿಂಗೆ? ಹೆಂಡ್ತಿ ಸೀರಿ ಉಟ್ಕಂಡ್ ಬಾ, ಕೊಡ್ತೆ!"

ಯಜಮಾನ ಗುಣಪಾಲನ ಮಾತಿಗೆ ಬೀಜ ಸುಲಿಯುವ ಕೋಣೆ ಇಡೀ ಗೊಳ್ಳೆಂದಿತು. ಬಾಗಿಲಲ್ಲಿ ನಿಂತ ಗಣಪ ತಾನೂ ಹಲ್ಲು ಕಿರಿದ. ಬೈದವರ ಮುಂದೆ ಹಲ್ಲು ಕಿರಿಯುವುದು ಅವನಿಗೆ ಹೊಟ್ಟೆಪಾಡಿನ ಜೊತೆಗೇ ಬಂದ ಅಭ್ಯಾಸ. ಸಾಲಾಗಿ ಕೂತ ಹೆಂಗಸರ ನಡುವೆ ಅವನ ಹೆಂಡತಿ ಸುಂದರಿಯೂ ಇದ್ದಳು. ಅವಳು ನಗಲಿಲ್ಲ. ತಲೆ ತಗ್ಗಿಸಿ, ಗೇರುಬೀಜದ ಕೆಂಪು ಸಿಪ್ಪೆಯನ್ನು ಚೂರಿಯ ತುದಿಯಿಂದ ಕೆರೆಯುತ್ತಲೇ ಇದ್ದಳು.

ಹಾಲಾಡಿ ಪೇಟೆಯಿಂದ ಕೂಗಳತೆಯಲ್ಲಿರುವ ಆ ಕಾರ್ಖಾನೆಯಲ್ಲಿ ಗಂಡಸಿಗೆ ಇದ್ದದ್ದು ಒಂದೇ ಕೆಲಸ, ಹೊರುವುದು. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಬಾಯ್ಲರಿಗೆ. ಕೂತು ಮಾಡುವ ಕೆಲಸವೆಲ್ಲ ಹೆಂಗಸರದ್ದು. ಹೊತ್ತು ಹೊತ್ತು ಗಣಪನ ಬೆನ್ನು ಮುರಿದಿತ್ತು, ಎಡಗಾಲು ಸತ್ತಿತ್ತು. ದಾರಿಯಲ್ಲಿ ಚಪ್ಪಲಿ ಕಳಚಿ ಹಿಂದುಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಹಿಂದೆ ಬರುವವರು ಕೂಗಿ ಹೇಳಬೇಕು. ಇನ್ನು ಚೀಲ ಮುಟ್ಟಿದರೆ ಇನ್ನೊಂದು ಕಾಲೂ ಹೋದೀತು ಎಂದು ಕುಂದಾಪುರದ ಡಾಕ್ಟರು ಹೇಳಿದ್ದರು. ಅವನಿಗಿಂತ ಮುಂಚೆ ಹೊರುತ್ತಿದ್ದ ಚೆನ್ನಯ್ಯ ಈಗ ಮನೆಯಂಗಳದಲ್ಲಿ ಕುಂಡೆ ಎಳೆದುಕೊಂಡು ತೆವಳುತ್ತಿದ್ದ.

"ಒಡೇರೆ, ಹೆಂಗ್ಸ್ರಿಗ್ ಕೊಡು ಸಂಬ್ಳವೇ ಸಾಕ್. ಆ ಮೂಲಿಯಲ್ಲ್ ಕೂಕಂಡ್ ಸುಲೀತೆ." ಗಣಪ ಅಂಗಲಾಚಿದ.

"ಹೆಂಗ್ಸ್ರ್ ಇಪ್ಪು ಕೋಣಿಗೆ ಗೂಳಿ ಬಿಡುಕ್ ಆತ್ತಾ? ಎಂತ ಹೇಳ್ತ್ಯೇ ಕಮಲ?"

"ಗೂಳಿ ಎಲ್ಲಿತ್ತ್ ಒಡೇರೆ?" ಸಾಲಿನಲ್ಲಿ ಕೂತ ಕಮಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅದ್ ಬೀಜ ಒಡ್ದ ಎತ್ತಲ್ದಾ!"

ಮತ್ತೆ ನಗು. ಗುಣಪಾಲ ಗಣಪನನ್ನು ಹೊರಗೆ ತಳ್ಳಿಕೊಂಡು ಹೋಗಿ ದನಿ ತಗ್ಗಿಸಿದ. "ನಿನ್ನೊಬ್ಬನ್ ಕೂರ್ಸ್ರೆ ನಾಳಿ ಎಲ್ಲಾ ಬೇವರ್ಸಿಗಳೂ ಬೆನ್ನ್ ಹಿಡ್ಕಂಡ್ ಬತ್ತೊ. ಚೀಲ ಹೊರುಕೆ ನಿನ್ನಪ್ಪ ಬತ್ನಾ ಬೋಳಿಮಗನೆ? ನಾಳಿ ಹೊರುಕಾದ್ರೆ ಬಾ. ಇಲ್ದಿರೆ ಬಪ್ಪುದೇ ಬ್ಯಾಡ."

ಸಂಜೆ ಮನೆಯಲ್ಲಿ ಸುಂದರಿ ಗಂಜಿಯ ಪಾತ್ರೆಯನ್ನು ಅವನ ಮುಂದೆ ಕುಕ್ಕಿದಳು.

"ಹ್ವಾಯ್, ನನ್ ಮರ್ಯಾದಿ ತೆಗುಕೇ ಅಲ್ಲಿಗ್ ಬಂದ್ರಿಯಾ?"

"ಕಾಲ್ ಸತ್ತಿತ್ತ್ ಸುಂದ್ರಿ."

"ನನ್ ಸೊಂಟ ಬದ್ಕಿತ್ತಾ? ಬೆಳಿಗ್ಗೆ ಕೂತ್ರೆ ಸಂಜಿಗ್ ಏಳುಕ್ ಆತಿಲ್ಲೆ. ನಾನ್ ಯಾರ್ ಹತ್ರ ಹೋಯಿ ಅಳ್ಲಿ? ಗಂಡ್ಸಾಯಿ ಹುಟ್ಟಿ ಹೆಂಗ್ಸ್ರ್ ಹತ್ರ ಕೂಕಂತೆ ಅಂಬ್ರಿ. ನಾಚ್ಕಿ ಆತಿಲ್ಯಾ? ಅದ್ಕಿಂತ ಚೀಲ ಹೊತ್ಕಂಡೇ ಸಾಯಿನಿ!"

ಗಣಪ ಉಪ್ಪಿನಕಾಯಿ ನೆಕ್ಕಿ, ಗಂಜಿ ಸುರಿದುಕೊಂಡ. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆ ಅವನ ಎಡಪಾದಕ್ಕೆ ಆನಿಕೊಂಡಿತ್ತು. ಚರ್ಮ ಕೆಂಪಾಯಿತು, ಆಮೇಲೆ ಬೊಬ್ಬೆ ಎದ್ದಿತು. ಅವನು ಉಣ್ಣುತ್ತಲೇ ಇದ್ದ. ಸುಂದರಿಯ ಕಣ್ಣು ಅಲ್ಲಿಗೆ ಹೋಯಿತು. ಪಾತ್ರೆಯನ್ನು ಆಚೆ ಸರಿಸಿದಳು.

ಮರುದಿನ ಅವಳು ಮೊದಲ ಬಸ್ಸಿಗೆ ಹೋದಳು. ಗಣಪ ಹಗ್ಗಕ್ಕೆ ನೇತುಹಾಕಿದ್ದ ಅವಳ ನೀಲಿ ಸೀರೆಯನ್ನು ಎಳೆದುಕೊಂಡು, ಲುಂಗಿಯ ಮೇಲೇ ಸುತ್ತಿಕೊಂಡ. ನೆರಿಗೆ ಹಿಡಿಯಲು ಬರಲಿಲ್ಲ. ಮುದ್ದೆ ಮಾಡಿ ಸಿಕ್ಕಿಸಿದ.

"ಹ್ವಾಯ್ ಅಕ್ಕ, ಮುಂದ್ ಬನ್ನಿ, ಲೇಡೀಸ್ ಸೀಟ್ ಖಾಲಿ ಇತ್ತ್!" ಬಸ್ಸಿನ ಕಂಡಕ್ಟರ್ ಕೂಗಿದ. ಒಬ್ಬ ಮೊಬೈಲ್ ಎತ್ತಿ ಹಿಡಿದ. ಗಣಪ ಕಂಬ ಹಿಡಿದು ನಿಂತೇ ಹಾಲಾಡಿಗೆ ಬಂದ.

ಸುಲಿಯುವ ಕೋಣೆಗೆ ಅವನು ಕಾಲಿಟ್ಟಾಗ ಮೊದಲು ಬಾಯಿ ಬಂದದ್ದು ಕಮಲಳಿಗೆ. "ಅಬ್ಯಬ್ಯಾ! ಸುಂದ್ರಿ, ನಿನ್ ಸವತಿ ಬಂತ್ ಕಾಣ್!"

ಗಣಪ ಮೂಲೆಯಲ್ಲಿ ಕೂತು ಬೀಜದ ತಟ್ಟೆಯನ್ನು ಎಳೆದುಕೊಂಡ. ನಗು ಕೇಳಿ ಗುಣಪಾಲ ಬಂದ. ನೋಡಿದವನ ಕತ್ತಿನ ನರ ಉಬ್ಬಿತು.

"ಏಳಾ ಷಂಡ!"

"ನೀವೇ ಹೇಳಿದ್ರಿ ಒಡೇರೆ." ಗಣಪ ಈ ಸಲ ಹಲ್ಲು ಕಿರಿಯಲಿಲ್ಲ. "ಮೊನ್ನೆ ಇದೇ ಅಂಗಳದಲ್ಲ್ ಯಕ್ಷಗಾನ ಮಾಡ್ಸಿ, ಸೀರಿ ಉಟ್ಟ ಗಂಡ್ಸಿಗೆ ಶಾಲ್ ಹೊದ್ಸಿ ಕೈ ಮುಗ್ದ್ರಿ. ನಂಗ್ ಶಾಲ್ ಬ್ಯಾಡ. ಕೂಕಂಬುಕ್ ಬಿಡಿ, ಸಾಕ್."

ಗುಣಪಾಲ ಬೂಟುಗಾಲಿನಿಂದ ಅವನ ಎಡಗಾಲಿಗೆ ಒದ್ದ. ಗಣಪ ಒಂದು ಬೀಜ ಎತ್ತಿಕೊಂಡ. ಗುಣಪಾಲ ಮತ್ತೆ ಒದ್ದ, ನಿನ್ನೆಯ ಬೊಬ್ಬೆ ಒಡೆಯುವ ಹಾಗೆ. ಗಣಪ ಉಗುರಿನಿಂದ ಸಿಪ್ಪೆ ಬಿಡಿಸುತ್ತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೆಂಗಸರ ನಗು ನಿಂತದ್ದು ಆಗ. ಕಮಲಳ ಕೈಯಿಂದ ಚೂರಿ ಜಾರಿ ತಟ್ಟೆಗೆ ಬಿತ್ತು.

"ಸುಂದ್ರೀ!" ಗುಣಪಾಲ ಏದುಸಿರು ಬಿಡುತ್ತಿದ್ದ. "ನಿನ್ ಸೀರಿ ಅಲ್ದನೇ? ಬಿಚ್ಚ್ ಅವಂದ್! ಎಲ್ಲರೂ ಕಾಣ್ಲಿ. ಬಿಚ್ದಿರೆ ನಿಂಗೂ ನಾಳಿಂದ ಕೆಲ್ಸ ಇಲ್ಲೆ."

ಸುಂದರಿ ಎದ್ದಳು. ಸೊಂಟ ಹಿಡಿದುಕೊಂಡು, ಎಲ್ಲರ ಮೊಣಕಾಲು ದಾಟಿಕೊಂಡು ಬಂದಳು. ಕೈಯ ಚೂರಿಯನ್ನು ಇಟ್ಟು ಬರಲು ಮರೆತಿದ್ದಳೋ ಏನೋ.

"ಎದ್ದ್ ನಿಲ್ಲಿನಿ."

ಗಣಪ ಗೋಡೆ ಹಿಡಿದು ಎದ್ದು ಕಣ್ಣು ಮುಚ್ಚಿದ. ಅವಳು ಚೂರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅವನ ಸೊಂಟದಿಂದ ಸೀರೆಯ ಮುದ್ದೆಯನ್ನು ಸರಕ್ಕನೆ ಎಳೆದಳು. ಯಾರೋ ಅಯ್ಯೋ ಅಂದರು. ಗುಣಪಾಲ ನಕ್ಕ.

ಎಳೆದ ಸೀರೆಯನ್ನು ಅವಳು ಕೊಡವಿದಳು. ಅಂಚು ಸರಿಮಾಡಿದಳು. ಒಂದರ ಮೇಲೊಂದು ನೆರಿಗೆ ಹಿಡಿದು, ಗಂಡನ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಸೆರಗನ್ನು ಭುಜದ ಮೇಲಿಂದ ಇಳಿಬಿಟ್ಟಳು. ಚೂರಿ ಕೈಗೆ ಬಂತು.

"ಸೀರಿ ಉಡುಕೂ ಬತ್ತಿಲ್ಲೆ ನಿಮ್ಗೆ," ಅಂದಳು ಗಂಡನಿಗೆ. ಆಮೇಲೆ ಯಜಮಾನನ ಕಡೆ ತಿರುಗಿದಳು. "ಹ್ಞಾ. ಈಗ ನೀವೇ ಬಂದ್ ಬಿಚ್ಚಿ ಕಾಂಬ."

ಗುಣಪಾಲನ ನಗು ಬಾಯಲ್ಲೇ ಉಳಿಯಿತು. ಬಾಗಿಲಲ್ಲಿ ಚೀಲ ಹೊತ್ತ ಗಂಡಸರು ಚೀಲ ಹೊತ್ತುಕೊಂಡೇ ನಿಂತಿದ್ದರು. ಗಣಪ ನೆರಿಗೆ ಮುದುಡದ ಹಾಗೆ ಮೆಲ್ಲಗೆ ಕೂತ. ಅವನ ಎಡಪಾದದಿಂದ ರಕ್ತ ಇಳಿದು ನೆಲದ ಕೆಂಪು ಸಿಪ್ಪೆಯಲ್ಲಿ ಸೇರಿಹೋಗುತ್ತಿತ್ತು. ಅದು ಅವನಿಗೆ ತಿಳಿಯಲಿಲ್ಲ. ಇನ್ನೊಂದು ಬೀಜ ಎತ್ತಿಕೊಂಡ.