ನಿವಾಳಿಸಿದ ಉಪ್ಪು

ಅಮೃತಳ ಎಡಗಣ್ಣು ಮೆಳ್ಳೆ. ಹೆಣ್ಣು ನೋಡಲು ಜೇವರ್ಗಿಗೆ ಹೋದ ದಿನ ಅತ್ತೆ ನಿಂಬೆವ್ವ ಅದನ್ನು ಕಂಡೂ ಕಾಣದವಳಂತೆ ಚಹಾ ಕುಡಿದಿದ್ದಳು. ಕಣ್ಣು ಹೇಗಾದರೂ ಇರಲಿ, ಹುಡುಗಿ ಹೊಲದಲ್ಲಿ ಇಬ್ಬರ ಕೆಲಸ ಮಾಡುವಂತಿದ್ದಳು. ಬೇಕಾದಾಗ ಕುರುಡಾಗಿ, ಬೇಡವಾದಾಗ ಮೈಯೆಲ್ಲ ಕಣ್ಣಾಗುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ.

ಗೊಬ್ಬೂರಿನ ಆ ಮನೆಯಲ್ಲಿ ಎರಡು ವರ್ಷ ಕಣ್ಣಿನ ಸುದ್ದಿಯೇ ಏಳಲಿಲ್ಲ. ಈ ಬೇಸಿಗೆಯಲ್ಲಿ ಎದ್ದಿತು. ಗಾಣಗಾಪುರಕ್ಕೆ ಬರುವ ಭಕ್ತರಿಗೆ ಎಳೆಸೌತೆ ಸೀಳಿ, ಉಪ್ಪು ಖಾರ ಹಚ್ಚಿ ಮಾರುವವರು ಬುಟ್ಟಿಗಟ್ಟಲೆ ಕಾಯಿ ಒಯ್ಯುತ್ತಾರೆಂದು ಅಮೃತ ಗಂಡ ಮಾಳಿಂಗನ ಬೆನ್ನು ಹತ್ತಿ, ಬಾವಿಯ ಪಕ್ಕದ ತುಂಡು ನೆಲದಲ್ಲಿ ಸೌತೆ ಹಾಕಿಸಿದ್ದಳು. ಕಲ್ಲಿನ ಕಟ್ಟೆಯ ಮೇಲೊಂದು ನೀರಿನ ಡ್ರಮ್ಮು, ಅದರಿಂದ ಪ್ರತಿ ಬುಡಕ್ಕೂ ಹನಿ ಬಿಡುವ ಪೈಪು. ಬಳ್ಳಿ ಚೆನ್ನಾಗಿಯೇ ಹಬ್ಬುತ್ತಿದ್ದಾಗ ಬುಡದ ಒಂದೆರಡು ಎಲೆ ಹಳದಿಯಾಗಿ ಉದುರಿದವು. ಮುದಿ ಎಲೆ ಉದುರದೆ ಇನ್ನೇನು ಮಾಡೀತು? ಆದರೆ ನಿಂಬೆವ್ವ ಉದುರಿದ ಎಲೆ ನೋಡಿದಳು, ಆಮೇಲೆ ಸೊಸೆಯ ಮುಖ ನೋಡಿದಳು.

“ಹಸಿ ಬಳ್ಳಿ ಮ್ಯಾಲ ಮೆಳ್ಳಗಣ್ಣು ಬಿದ್ರ ಉಳೀತದೇನು? ಬಳ್ಳಿ ಸತ್ತರ ನಿನಗ ಜೇವರ್ಗಿ ದಾರೀನ ನೋಡು ಬೇ,” ಎಂದಳು.

ಅಂದಿನಿಂದ ದೃಷ್ಟಿ ತೆಗೆಯುವುದು ಶುರುವಾಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಿಂಬೆವ್ವ ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು ಬಳ್ಳಿಗಳ ಸುತ್ತ ಬರುತ್ತಿದ್ದಳು. ನಿವಾಳಿಸಿದ ಉಪ್ಪನ್ನು ತುಳಿಯುವ ಕಡೆ ಚೆಲ್ಲಬಾರದು, ನೀರಿಗೆ ಹಾಕಬೇಕು. ಉಪ್ಪು ಕರಗಿದಂತೆ ದೃಷ್ಟಿಯೂ ಕರಗುತ್ತದೆ. ಬಾವಿಯ ಮೆಟ್ಟಿಲು ಇಳಿಯಲು ಆಕೆಗೆ ಮೊಣಕಾಲು ನೋವು. ಡ್ರಮ್ಮು ಕೈಗೆಟುಕುವಂತಿತ್ತು.

ಎಲೆಗಳು ಇನ್ನಷ್ಟು ಉದುರಿದವು. ನಿಂಬೆವ್ವನ ಮುಷ್ಟಿ ಬೊಗಸೆಯಾಯಿತು, ಬೊಗಸೆ ಮೊರವಾಯಿತು. ಸೊಸೆ ಸೆರಗನ್ನು ಮೂಗಿನವರೆಗೂ ಎಳೆದುಕೊಂಡೇ ಬಳ್ಳಿಯ ಹತ್ತಿರ ಹೋಗಬೇಕೆಂದು ಅಪ್ಪಣೆಯಾಯಿತು. ನೀರಿಗೆ ಬಂದ ಹೆಂಗಸರ ಮುಂದೆಯೇ, “ಕಣ್ಣಿಗೆ ಅರಿವಿ ಕಟ್ಕೊಂಡು ಕಳೆ ತೆಗಿ,” ಎಂದೂ ಅನ್ನಿಸಿಕೊಂಡಳು. ಹೆಂಗಸರು ನಕ್ಕರು. ಅಮೃತಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮಾಳಿಂಗ ಅಫಜಲಪುರದಿಂದ ಒಂದು ಔಷಧ ತಂದು ಹೊಡೆದ. ಏನೂ ಆಗಲಿಲ್ಲ. ಕೊನೆಗೆ ಅಮೃತ ಸೆರಗು ಸರಿಸಿ, ಆ ಮೆಳ್ಳೆಗಣ್ಣಿನಿಂದಲೇ ನೋಡತೊಡಗಿದಳು. ಎಲೆಯ ಹಿಂದೆ ಹುಳ ಇರಲಿಲ್ಲ, ಮೇಲೆ ಬೂದಿರೋಗದ ಬಿಳುಪಿರಲಿಲ್ಲ. ಎಲೆಯ ಅಂಚು ಮಾತ್ರ ಒಲೆಗೆ ಹಿಡಿದ ಕಾಗದದಂತೆ ಸುಟ್ಟು ಒಳಗೊಳಗೆ ಬರುತ್ತಿತ್ತು. ಹನಿ ಬೀಳುವ ಜಾಗದ ಸುತ್ತ ಮಣ್ಣಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಇಟ್ಟಳು. ಡ್ರಮ್ಮಿನ ನೀರನ್ನೂ ಬಾಯಿಗೆ ಹಾಕಿ ಉಗುಳಿದಳು. ಆಕೆಗೆ ಅಳುವಷ್ಟು ಸಂತೋಷವಾಯಿತು. ಬಳ್ಳಿ ತನ್ನಿಂದ ಸಾಯುತ್ತಿರಲಿಲ್ಲ!

ಗಂಡನನ್ನೂ ಅತ್ತೆಯನ್ನೂ ಕರೆದು ತೋರಿಸಿದಳು.

“ಇದು ಉಪ್ಪರಿ ಅತ್ತಿ. ಡ್ರಮ್ಮಿನ್ಯಾಗ ಹಾಕಿದ್ದೆಲ್ಲ ಬೇರಿಗೆ ಹೋಗ್ಯದ. ಅದಕ್ಕ ಎಲಿ ಸುಡಾಕತ್ಯಾವ. ಡ್ರಮ್ಮು ತೊಳದು, ನಾಕು ದಿನ ಬರೇ ಬಾವಿ ನೀರು ಬುಡಕ್ಕ ಹರಿಸಿದ್ರ ಉಪ್ಪು ಕೆಳಗ ಇಳಿತದ, ಬಳ್ಳಿ ಚಿಗುರ್ತಾವ.”

ಮಾಳಿಂಗ ಮಣ್ಣನ್ನು ನಾಲಿಗೆಗೆ ಇಟ್ಟು ನೋಡಿದ. ಮುಖ ಕಿವುಚಿದ. ತಾಯಿಯ ಕಡೆ ತಿರುಗಿದ. ನಿಂಬೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಎಂಬುದು ಆಕೆಗೆ ಗೊತ್ತಿಲ್ಲದ ಮಾತೇ?

“ಇಷ್ಟು ಉಪ್ಪು ಹಿಡೀತಂದ್ರ ನಿನ್ನ ಕಣ್ಣು ಎಂಥಾದ್ದಿರಬೇಕು ನೋಡು ಬೇ! ಮಂದಿ ದೃಷ್ಟಿ ಒಂದು ಚಿಟಿಕಿಗೆ ಇಳಿತದ. ನಿಂದು ಚೀಲ ಉಪ್ಪಿಗೂ ಇಳಿವಲ್ದು,” ಎಂದಳು.

ಅಮೃತ ಗಂಡನನ್ನು ನೋಡಿದಳು. ನಾಲಿಗೆಯ ಮೇಲೆ ಇನ್ನೂ ಉಪ್ಪಿದ್ದ ಗಂಡಸು ತಲೆ ತಗ್ಗಿಸಿಕೊಂಡು, “ಸ್ವಲ್ಪ ದಿನ ತವರಿಗೆ ಹೋಗಿ ಬಾ. ಅವ್ವನ ಸಿಟ್ಟು ಇಳೀಲಿ,” ಎಂದ. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಈ ಮನೆಯಲ್ಲಿ ಉಪ್ಪು ಸುರಿದವಳು ಒಬ್ಬಳು, ನೀರು ಕುಡಿದವಳು ಇನ್ನೊಬ್ಬಳು.

ಬಸ್ಸು ಹತ್ತುವಾಗಲೂ ಅಮೃತ ಡ್ರಮ್ಮು ತೊಳೆಯುವ ಮಾತನ್ನೇ ಆಡಿದಳು. ಬಳ್ಳಿ ಚಿಗುರಿದರೆ ತಾನು ಮನೆ ಸೇರುತ್ತೇನೆಂದು ನಂಬಿದ್ದಳು, ಪಾಪ.

ಜೇವರ್ಗಿಯಲ್ಲಿ ಅಣ್ಣನ ಹೆಂಡತಿ ಭಾಗ್ಯಾ ಹೊಸದಾಗಿ ಹೆತ್ತಿದ್ದಳು. ಅಮೃತ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ಮಾಳಿಂಗನ ಫೋನು ಬಂತು. ಕೈ ಖಾಲಿ ಇಲ್ಲದ್ದರಿಂದ ಸ್ಪೀಕರ್ ಹಾಕಿದಳು.

“ಬಳ್ಳಿ ಚಿಗುರ್ಯಾವ! ಎಳಿ ಎಲಿ ಬಂದಾವ, ಹೂವೂ ಬಿಟ್ಟಾವ!” ಅವನ ದನಿಯಲ್ಲಿ ಹಬ್ಬವಿತ್ತು.

“ಡ್ರಮ್ಮು ತೊಳದ್ರೇನ್ರಿ? ಬರೇ ನೀರು ಹರಿಸಿದ್ರೇನ್ರಿ?”

“ಹೂಂ, ನೀ ಹೇಳಿದಂಗ.”

“ಅತ್ತಿ ಉಪ್ಪು ನಿಲ್ಲಿಸ್ಯಾರೇನ್ರಿ?”

“ನೀ ಹೋದ ದಿನಾನ ನಿಲ್ಲಿಸ್ಯಾಳ. ನೀ ಇಲ್ಲಂದಮ್ಯಾಲ ಉಪ್ಪು ಯಾಕ ಬೇಕು?”

“ನೀವು ನಾಲಿಗಿಗೆ ಹಚ್ಚಿ ನೋಡೀರಲ್ಲರಿ,” ಎಂದಳು.

“ನೋಡೇನಿ, ಉಪ್ಪ ಇತ್ತು. ಆದ್ರ ನೀ ಹೋದಿ, ಬಳ್ಳಿ ಚಿಗುರ್ತು. ಊರ ಮಂದಿಗೆ ಏನಂತ ಹೇಳ್ಲಿ? ಅವ್ವ ಹೇಳ್ಯಾಳ, ಸದ್ಯಕ್ಕ ಅಲ್ಲೇ ಇರು.”

ಫೋನು ಸುಮ್ಮನಾಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಭಾಗ್ಯಾ ಬಂದು, “ಹಾಲು ಕುಡಿಸೂ ಹೊತ್ತಾತು,” ಎಂದು ಕೂಸನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಕೂಸು ನಿದ್ದೆಯಲ್ಲಿತ್ತು. ಅಮೃತ ಅಲ್ಲಿಂದಲೇ ಒಳಗೆ ನೋಡಿದಳು. ಅತ್ತಿಗೆ ಡಬ್ಬಿಯಿಂದ ಒಂದು ಮುಷ್ಟಿ ಉಪ್ಪು ತೆಗೆದು ಕೂಸಿಗೆ ನಿವಾಳಿಸುತ್ತಿದ್ದಳು.